ಹನ್ನೆರಡು ರುಜು

ಹೋದ ವರ್ಷ ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ತಕರಾರು ಹುಟ್ಟಿತು. ಪತ್ರಿಕೆಯಲ್ಲಿ ಅಚ್ಚಾಗುವಷ್ಟು ದೊಡ್ಡದಲ್ಲ. ಎರಡು ಅಡ್ಡರಸ್ತೆಗಳಾಚೆಗೆ ಅದರ ಸುದ್ದಿಯೂ ಹೋಗಲಿಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ, ಹೊಂಗೆಯ ಮರದ ಕೆಳಗೆ, ತಳ್ಳುಗಾಡಿಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಹದಿನೈದು ವರ್ಷಗಳಿಂದ ನಮ್ಮೆಲ್ಲರ ಬಟ್ಟೆ ಮಡಿಸಿ ಕೊಡುತ್ತಿದ್ದವನೊಬ್ಬನಿದ್ದ. ಆತ ಮೂಲೆಮನೆಯ ಕಾರಿನ ಷೆಡ್ಡನ್ನು ಬಾಡಿಗೆಗೆ ಹಿಡಿದು, ಒಗೆಯುವ ಯಂತ್ರ ಎರಡನ್ನಿಟ್ಟು, ಹೆಂಡತಿಯೊಡನೆ ಲಾಂಡ್ರಿ ನಡೆಸಬೇಕೆಂದು ಮನಸ್ಸು ಮಾಡಿದ. ಪರವಾನಗಿಗೆಂದು ಕಚೇರಿಗೆ ಹೋದರೆ, ಅದು ವಾಸದ ಮನೆಗಳ ವಲಯ, ನೆರೆಹೊರೆಯವರ ಒಪ್ಪಿಗೆಯ ರುಜು ತಂದರೆ ನೋಡೋಣ ಎಂದು ಹೇಳಿ ಕಳುಹಿಸಿದರಂತೆ.

ಅದರ ಮೇಲೆ ಒಂದು ಭಾನುವಾರ ಬೆಳಗ್ಗೆ ಪಾರ್ಕಿನ ಕಲ್ಲುಬೆಂಚುಗಳ ಮೇಲೆ ಬಡಾವಣೆಯ ಹಿರಿಯರ ಸಭೆ ಸೇರಿತು. ಆತನ ಮೇಲೆ ಯಾರಿಗೂ ದ್ವೇಷವಿರಲಿಲ್ಲ. “ಮನುಷ್ಯ ಒಳ್ಳೆಯವನೇ, ಒಂದು ದಿನ ಒಂದು ಕರವಸ್ತ್ರ ಕಳೆದವನಲ್ಲ” ಎಂದರು ಒಬ್ಬರು. “ಅದು ಸರಿ ಸ್ವಾಮಿ, ಇವತ್ತು ಲಾಂಡ್ರಿ, ನಾಳೆ ಬೇಕರಿ, ನಾಡಿದ್ದು ಬಾರು. ಒಂದಕ್ಕೆ ಹೂಂ ಅಂದಮೇಲೆ ಇನ್ನೊಂದಕ್ಕೆ ಉಹೂಂ ಅನ್ನುವುದು ಹೇಗೆ?” ಎಂದರು ಇನ್ನೊಬ್ಬರು. ಯಂತ್ರದ ಸದ್ದು, ಚರಂಡಿಗೆ ಬೀಳುವ ಸಾಬೂನು ನೀರು, ರಸ್ತೆಯಲ್ಲಿ ನಿಲ್ಲುವ ವಾಹನ, ಇವೆಲ್ಲ ಚರ್ಚೆಗೆ ಬಂದುವು. ನಿವೇಶನದ ಬೆಲೆ ಇಳಿದೀತೆಂಬ ಮಾತನ್ನು ಮಾತ್ರ ಯಾರೂ ಆಡಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದು ಇದ್ದಿತು, ನನ್ನದರಲ್ಲೂ. ಕೊನೆಗೆ ಆಕ್ಷೇಪಣೆಯ ಅರ್ಜಿ ಕೊಡುವುದೆಂದು ತೀರ್ಮಾನವಾಯಿತು. “ಮೇಷ್ಟ್ರೇ, ಒಳ್ಳೆಯ ಕನ್ನಡದಲ್ಲಿ ನೀವೇ ಬರೆದುಕೊಟ್ಟುಬಿಡಿ” ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

ಮೂವತ್ತು ವರ್ಷ ವಿದ್ಯಾರ್ಥಿಗಳ ಪ್ರಬಂಧ ತಿದ್ದಿದ ಕೈ. ಹೊಗಳಿಕೆಗೆ ಸೋಲುವ ಅಭ್ಯಾಸವೂ ಉಂಟು. ಬರೆದುಕೊಟ್ಟೆ. ಮೂರು ಕಾರಣಗಳು ಸಾಲವೆನ್ನಿಸಿ, ನಾಲ್ಕನೆಯದಾಗಿ ‘ಅಗ್ನಿ ಅನಾಹುತದ ಸಂಭವ’ ಎಂಬುದನ್ನು ನಾನೇ ಸೇರಿಸಿದೆ. ಹದಿನೈದು ವರ್ಷ ಆತ ಮರದ ಕೆಳಗೆ ಕೆಂಡ ಊದುತ್ತಿದ್ದಾಗ ನಮ್ಮ ಕಣ್ಣಿಗೆ ಬೀಳದಿದ್ದ ಬೆಂಕಿ, ವಿದ್ಯುತ್ತಿನ ಇಸ್ತ್ರಿಗೆ ಬರುತ್ತೇನೆಂದಾಗ ಕಾಣಿಸಿತು. ಆತನ ಹೆಸರು ಬರೆಯಬೇಕಾದ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಸುತ್ತ ಇದ್ದವರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ‘ಇಸ್ತ್ರಿ ವೃತ್ತಿಯ ವ್ಯಕ್ತಿಯೊಬ್ಬರು’ ಎಂದು ಬರೆದು ಮುಂದಕ್ಕೆ ಹೋದೆ.

ಇದಾಗಿ ಮೂರು ವಾರಕ್ಕೆ, ವಕೀಲಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಮೇಜಿನ ಮೇಲಿದ್ದ ಅರ್ಜಿಯ ನಕಲನ್ನು ಓದಿ ನಕ್ಕಳು. “ಸಾರ್, ನಿಮ್ಮ ಅರ್ಜಿ ನೂರಮೂವತ್ತು ವರ್ಷಕ್ಕಿಂತ ಹಳೆಯದು. ಅದರ ತೀರ್ಪು 1886ರಲ್ಲೇ ಆಗಿದೆ” ಎಂದಳು. ಮರುದಿನ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನ ಪ್ರತಿಯನ್ನು ಕಳುಹಿಸಿಕೊಟ್ಟಳು. ಪಂಪ ರನ್ನರನ್ನು ಓದಿದ ಕಣ್ಣಿಗೆ ಕಾನೂನಿನ ಗದ್ಯ ಒಗ್ಗುವುದು ಕಷ್ಟ. ಆದರೂ ಬಿಡದೆ ಓದಿದೆ. ಅದರ ಹಿಂದು ಮುಂದನ್ನು ಹುಡುಕಿಕೊಂಡು ಬೇರೆ ಪುಸ್ತಕಗಳನ್ನೂ ಓದಿದೆ. ಅಲ್ಲಿ ಸಿಕ್ಕಿದ ಕಥೆಯನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

1849ರಲ್ಲಿ ಕ್ಯಾಲಿಫೋರ್ನಿಯಕ್ಕೆ ಚಿನ್ನದ ಆಸೆಯಿಂದ ಜನ ನುಗ್ಗಿದರು. ಸ್ಯಾನ್‌ಫ್ರಾನ್ಸಿಸ್ಕೊ ಎಂಬ ಸಣ್ಣ ರೇವು ಹತ್ತಾರು ತಿಂಗಳಲ್ಲಿ ಪಟ್ಟಣವಾಯಿತು. ಬಂದವರಲ್ಲಿ ಬಹುಪಾಲು ಗಂಡಸರು. ಬಟ್ಟೆ ಒಗೆಯುವುದು ತಮ್ಮ ಕೆಲಸವೆಂದು ಯಾರೂ ತಿಳಿದವರಲ್ಲ. ಕೊಳೆಯಾದ ಅಂಗಿಗಳನ್ನು ಹಡಗಿನಲ್ಲಿ ಹವಾಯಿ ದ್ವೀಪಕ್ಕೂ ಹಾಂಗ್‌ಕಾಂಗಿಗೂ ಕಳುಹಿಸಿ, ಒಗೆಸಿ, ತರಿಸಿಕೊಳ್ಳುತ್ತಿದ್ದರೆಂದು ಇತಿಹಾಸಕಾರರು ಬರೆಯುತ್ತಾರೆ. ಚಿನ್ನ ಅಗೆಯುವವರ ಊರಿನಲ್ಲಿ ಅಂಗಿ ಒಗೆಯುವವನಿಗೆ ಬೆಲೆ ಬಂದದ್ದು ಹೀಗೆ. 1850ರ ದಶಕದಿಂದ ಈ ಕೆಲಸವನ್ನು ಮೇಲೆ ಹಾಕಿಕೊಂಡವರು ಚೀನದಿಂದ ಬಂದ ವಲಸೆಗಾರರು. ಸ್ವದೇಶದಲ್ಲಿ ಅವರು ಮಡಿವಾಳರಾಗಿರಲಿಲ್ಲ, ಹೊಲ ಉತ್ತವರು. ಗಣಿಗಳಿಂದ ಅವರನ್ನು ಅಟ್ಟಿದರು, ಇತರ ಉದ್ಯೋಗಗಳ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದುವು. ಒಂದು ಕೋಣೆ, ಒಂದು ಒಲೆ, ನೀರು, ಎರಡು ಕೈ ಇದ್ದರೆ ನಡೆಯುವ ಲಾಂಡ್ರಿಯೊಂದು ಉಳಿಯಿತು.

ಊರಿಗೆ ಅವರ ಕೆಲಸ ಬೇಕಾಗಿತ್ತು, ಅವರು ಬೇಡವಾಗಿದ್ದರು. ಚೀನೀಯರು ಬಟ್ಟೆಯ ಬುಟ್ಟಿಗಳನ್ನು ಹೆಗಲ ಮೇಲಿನ ಅಡ್ಡೆಗೆ ತೂಗಿಕೊಂಡು ಮನೆಮನೆಗೆ ಹೋಗುತ್ತಿದ್ದರು. 1870ರಲ್ಲಿ, ಅಡ್ಡೆ ಹೊತ್ತು ಕಾಲುದಾರಿಯಲ್ಲಿ ನಡೆಯಕೂಡದೆಂದು ಆಜ್ಞೆಯಾಯಿತು. 1873ರಲ್ಲಿ ಲಾಂಡ್ರಿಗಳಿಗೆ ತೆರಿಗೆ ಬಂದಿತು. ಒಂದು ಕುದುರೆಯ ಗಾಡಿಯಿದ್ದ ಲಾಂಡ್ರಿಗೆ ಮೂರು ತಿಂಗಳಿಗೆ 2 ಡಾಲರು, ಎರಡು ಕುದುರೆಯಿದ್ದರೆ 4. ಗಾಡಿಯೇ ಇಲ್ಲದೆ ಹೊತ್ತು ತಿರುಗುವವನಿಗೆ 15 ಡಾಲರು! ಕುದುರೆಯಿಲ್ಲದವನು ಯಾರೆಂದು ಕಾನೂನಿನಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. 1877ರ ಜುಲೈಯಲ್ಲಿ ಗುಂಪುಗೂಡಿದ ಜನ ಚೀನೀಯರ ಹಲವು ಲಾಂಡ್ರಿಗಳನ್ನು ಒಡೆದು ಸುಟ್ಟರು. 1882ರಲ್ಲಿ ಅಮೆರಿಕದ ಸಂಸತ್ತೇ ಚೀನದ ಕೂಲಿಗಾರರು ದೇಶದೊಳಕ್ಕೆ ಬರಕೂಡದೆಂದು ಕಾಯ್ದೆ ಮಾಡಿತು.

ಈ ಸಾಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ನಿಬಂಧನೆ ಒಂದುಂಟು. ಲಾಂಡ್ರಿ ತೆರೆಯಬೇಕೆನ್ನುವವನು ತಾನಿರುವ ಬೀದಿಗಟ್ಟಿನ ಹನ್ನೆರಡು ಮಂದಿ ತೆರಿಗೆದಾರ ಪೌರರ ಶಿಫಾರಸು ತರಬೇಕು, ಇಲ್ಲದಿದ್ದರೆ ಪರವಾನಗಿಯಿಲ್ಲ. ನಮ್ಮೂರಿನ ಕಚೇರಿಯಲ್ಲಿ ಹೇಳಿದ ಮಾತೇ! ಚೀನದವನಿಗೆ ಆ ನೆರೆಯಲ್ಲಿ ಹನ್ನೆರಡು ರುಜು ಎಲ್ಲಿಂದ ಸಿಕ್ಕಬೇಕು? ಒಬ್ಬ ನ್ಯಾಯಾಲಯಕ್ಕೆ ಹೋದ. 1882ರಲ್ಲಿ ಫೀಲ್ಡ್ ಎಂಬ ನ್ಯಾಯಮೂರ್ತಿ ಆ ನಿಬಂಧನೆಯನ್ನು ತಳ್ಳಿಹಾಕಿದರು. ಬಟ್ಟೆ ಒಗೆಯುವುದು ನಿರಪಾಯವಾದ ಉದ್ಯೋಗ. ಅದನ್ನು ಹೇಗೆ ನಡೆಸಬೇಕೆಂದು ಊರು ಕಟ್ಟಳೆ ಮಾಡಬಹುದು, ಆದರೆ ನಡೆಸಬೇಕೇ ಬೇಡವೇ ಎಂಬುದನ್ನು ನೆರೆಯವರ ಮರ್ಜಿಗೆ ಒಪ್ಪಿಸುವಂತಿಲ್ಲ ಎಂಬುದು ಅವರ ವಾದದ ಸಾರ. ಈ ಫೀಲ್ಡ್ ಚೀನೀಯರ ಪಕ್ಷಪಾತಿಯೇನಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಲಾಂಡ್ರಿಗಳಲ್ಲಿ ಕೆಲಸ ಕೂಡದೆಂಬ ನಿಯಮವನ್ನು 1885ರಲ್ಲಿ ಎತ್ತಿಹಿಡಿದವರೂ ಅವರೇ; ಚೀನೀಯರನ್ನು ದೇಶದಿಂದ ಹೊರಗಿಡುವ ಕಾಯ್ದೆ ಸರಿಯೆಂದು 1889ರಲ್ಲಿ ತೀರ್ಪು ಬರೆದವರೂ ಅವರೇ. ರಾತ್ರಿಯ ನಿಯಮದಲ್ಲಿ ಒಂದು ನ್ಯಾಯವಿದೆಯೆಂದು ನನಗೂ ತೋರುತ್ತದೆ. ನೆರೆಯವನ ನಿದ್ರೆಗೂ ಬೆಲೆಯುಂಟಷ್ಟೆ.

ಇನ್ನು ಬೆಂಕಿಯ ವಿಚಾರ. ಸ್ಯಾನ್‌ಫ್ರಾನ್ಸಿಸ್ಕೊ ಮರದ ಮನೆಗಳ ಊರು. 1849ರ ಡಿಸೆಂಬರಿನಿಂದ 1851ರ ಜೂನ್‌ವರೆಗೆ ಒಂದೂವರೆ ವರ್ಷದಲ್ಲಿ ಆರು ಬಾರಿ ದೊಡ್ಡ ಬೆಂಕಿಗೆ ತುತ್ತಾಗಿತ್ತು. ಆದುದರಿಂದ 1880ರಲ್ಲಿ ನಗರದ ಆಡಳಿತ ಮಂಡಳಿ, ಇಟ್ಟಿಗೆ ಅಥವಾ ಕಲ್ಲಿನ ಕಟ್ಟಡದಲ್ಲಿಲ್ಲದ ಲಾಂಡ್ರಿಗಳು ಮಂಡಳಿಯ ಅನುಮತಿ ಪಡೆಯಬೇಕೆಂದು ಆಜ್ಞೆ ಮಾಡಿದಾಗ ಯಾರೂ ಹುಬ್ಬೇರಿಸುವಂತಿರಲಿಲ್ಲ. ಮೀರಿದವರಿಗೆ 1,000 ಡಾಲರಿನವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆ. ಕಾರಣ ಸುಳ್ಳಾಗಿರಲಿಲ್ಲ, ಸುಳ್ಳಲ್ಲದ ಕಾರಣವಾದುದರಿಂದಲೇ ಅದು ಅಷ್ಟು ಉಪಯೋಗಕ್ಕೆ ಬಂದಿತು. ಇದನ್ನು ಓದುವಾಗ ನನ್ನ ನಾಲ್ಕನೆಯ ಕಾರಣ ನೆನಪಾಗದೆ ಹೋಗಲಿಲ್ಲ.

ಆಗ ಊರಿನಲ್ಲಿ ಸುಮಾರು 320 ಲಾಂಡ್ರಿಗಳಿದ್ದುವು. ಅವುಗಳಲ್ಲಿ 310 ಮರದ ಕಟ್ಟಡಗಳಲ್ಲಿದ್ದುವು. ಇದರಲ್ಲಿ ಆಶ್ಚರ್ಯವಿಲ್ಲ, ಊರಿನ ಮನೆಗಳಲ್ಲಿ ಹತ್ತಕ್ಕೆ ಒಂಬತ್ತು ಮರದವೇ. ಒಟ್ಟು ಲಾಂಡ್ರಿಗಳಲ್ಲಿ ಸುಮಾರು 240 ಚೀನೀಯರವು. 1861ರಲ್ಲಿ ಕ್ಯಾಲಿಫೋರ್ನಿಯಕ್ಕೆ ಬಂದಿದ್ದವನೊಬ್ಬ ಒಂದೇ ಕಟ್ಟಡದಲ್ಲಿ 22 ವರ್ಷಗಳಿಂದ ಲಾಂಡ್ರಿ ನಡೆಸುತ್ತಿದ್ದ. ಅಗ್ನಿರಕ್ಷಕರು 1884ರ ಮಾರ್ಚಿಯಲ್ಲಿ ಆತನ ಒಲೆ, ನೀರು ಕಾಯಿಸುವ ಮತ್ತು ಬಟ್ಟೆ ಒಣಗಿಸುವ ಸಾಧನಗಳನ್ನೆಲ್ಲ ಪರೀಕ್ಷಿಸಿ, ನೆರೆಗೆ ಬೆಂಕಿಯ ಭಯವಿಲ್ಲವೆಂದು ಬರೆದುಕೊಟ್ಟಿದ್ದರು. ಚರಂಡಿ ಸರಿಯಾಗಿದೆಯೆಂದು ಆರೋಗ್ಯಾಧಿಕಾರಿಯ ಪತ್ರವೂ ಇದ್ದಿತು. 1885ರ ಜೂನ್ 1ರಂದು ಆತ ಮಂಡಳಿಗೆ ಅರ್ಜಿ ಕೊಟ್ಟ. ಜುಲೈ 1ರಂದು ಅದು ತಿರಸ್ಕೃತವಾಯಿತು. ಅರ್ಜಿ ಹಾಕಿದ ಇತರ 200 ಚೀನೀಯರದೂ ಅದೇ ಗತಿ. ಚೀನೀಯರಲ್ಲದ ಎಂಬತ್ತು ಮಂದಿ ಅರ್ಜಿದಾರರಲ್ಲಿ ಒಬ್ಬ ಹೆಂಗಸನ್ನುಳಿದು ಎಲ್ಲರಿಗೂ ಅನುಮತಿ ಸಿಕ್ಕಿತು. ಅವರವೂ ಮರದ ಕಟ್ಟಡಗಳೇ.

ಆತ ಲಾಂಡ್ರಿ ಮುಚ್ಚಲಿಲ್ಲ. ಬಂಧಿಸಿ 10 ಡಾಲರು ದಂಡ ಹಾಕಿದರು. ತೆರದಿದ್ದರೆ ಡಾಲರಿಗೊಂದು ದಿನದಂತೆ ಹತ್ತು ದಿನ ಸೆರೆ. ಸೆರೆಮನೆಗೆ ಹೋಗಿ ಅಲ್ಲಿಂದ ದಾವೆ ಹೂಡಿದ. ಅಷ್ಟರಲ್ಲಿ ನೂರೈವತ್ತಕ್ಕೂ ಹೆಚ್ಚು ಚೀನೀಯರ ಬಂಧನವಾಗಿತ್ತು. ಲಾಂಡ್ರಿಯವರ ಸಂಘ ಬೆನ್ನಿಗೆ ನಿಂತು ಒಳ್ಳೆಯ ವಕೀಲರನ್ನು ನೇಮಿಸಿತು. ಕ್ಯಾಲಿಫೋರ್ನಿಯದ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ಮೊಕದ್ದಮೆ ವಾಷಿಂಗ್ಟನ್ನಿಗೆ ಹೋಯಿತು. 1886ರ ಮೇ 10ರಂದು ಸರ್ವೋಚ್ಚ ನ್ಯಾಯಾಲಯದ ಪರವಾಗಿ ಸ್ಟ್ಯಾನ್ಲಿ ಮ್ಯಾಥ್ಯೂಸ್ ಎಂಬ ನ್ಯಾಯಮೂರ್ತಿ ತೀರ್ಪು ಓದಿದರು. ಭಿನ್ನಮತವಿರಲಿಲ್ಲ.

ಆ ತೀರ್ಪಿನ ಮುಖ್ಯ ಮಾತುಗಳು ಎರಡು. ಯಾರಿಗೆ ಕೊಡಬೇಕು, ಯಾರಿಗೆ ಕೂಡದು ಎಂಬುದಕ್ಕೆ ಯಾವ ಅಳತೆಗೋಲನ್ನೂ ಹೇಳದೆ, ಕೊಡುವ ಬಿಡುವ ಅಧಿಕಾರವನ್ನು ಬರಿಯ ಇಷ್ಟಕ್ಕೆ ಬಿಟ್ಟ ಕಾನೂನು ಕಾನೂನಲ್ಲ. ಒಬ್ಬನ ಜೀವನೋಪಾಯ ಇನ್ನೊಬ್ಬನ ಮರ್ಜಿಯ ಮೇಲೆ ನಿಂತರೆ ಅದು ದಾಸ್ಯವೇ. ಇದು ಮೊದಲನೆಯದು. ಎರಡನೆಯದು, ಕಾನೂನಿನ ಅಕ್ಷರ ಎಷ್ಟೇ ನಿಷ್ಪಕ್ಷಪಾತವಾಗಿ ಕಂಡರೂ ಅದನ್ನು ನಡೆಸುವ ಕೈ ಒಬ್ಬನಿಗೊಂದು ಇನ್ನೊಬ್ಬನಿಗೊಂದು ಮಾಡಿದರೆ ಸಂವಿಧಾನ ಕೊಟ್ಟ ಸಮಾನ ರಕ್ಷಣೆ ಮುರಿದಂತೆ. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೆಯ ತಿದ್ದುಪಡಿ ಆ ರಕ್ಷಣೆಯನ್ನು ಪೌರರಿಗಷ್ಟೇ ಅಲ್ಲದೆ ಆ ನೆಲದ ಮೇಲಿರುವ ಯಾವ ವ್ಯಕ್ತಿಗಾದರೂ ಕೊಟ್ಟಿದೆ, ಚೀನದ ಪ್ರಜೆಗೂ ಅದು ಸಲ್ಲುತ್ತದೆ ಎಂದರು. ಸೆರೆಯಲ್ಲಿದ್ದವರನ್ನು ಬಿಡುವಂತೆ ಆಜ್ಞೆಯಾಯಿತು.

ಈ ಮೊಕದ್ದಮೆಗೆ ‘ಯಿಕ್ ವೋ’ ಎಂದು ಹೆಸರು. ಆತನ ನಿಜವಾದ ಹೆಸರು ಲೀ ಯಿಕ್ ಎಂದು ಹೇಳುತ್ತಾರೆ. ಯಿಕ್ ವೋ ಎಂಬುದು ಅಂಗಡಿಯ ಫಲಕದ ಮೇಲಿದ್ದ ಹೆಸರು. ಅಧಿಕಾರಿಗಳು ಫಲಕವನ್ನೇ ಮನುಷ್ಯನೆಂದು ಬರೆದುಕೊಂಡರು. ಆ ಮನುಷ್ಯ ಕಾನೂನಿನ ಗ್ರಂಥಗಳಲ್ಲಿ ಇಂದಿಗೂ ತನ್ನ ಲಾಂಡ್ರಿಯ ಹೆಸರಿನಲ್ಲೇ ಇದ್ದಾನೆ. ಸ್ಯಾನ್‌ಫ್ರಾನ್ಸಿಸ್ಕೊದ ಒಂದು ಪ್ರಾಥಮಿಕ ಶಾಲೆಗೂ ಅದೇ ಹೆಸರನ್ನಿಟ್ಟಿದ್ದಾರೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಹೇಳಲು ಸೊಗಸಾಗಿತ್ತು. ಕ್ಯಾಲಿಫೋರ್ನಿಯದ ಒಳನಾಡಿನಲ್ಲಿ ಮೊಡೆಸ್ಟೊ ಎಂಬ ಊರಿದೆ. 1885ರಲ್ಲಿ ಆ ಊರಿನವರು ಇನ್ನೊಂದು ಉಪಾಯ ಮಾಡಿದರು. ಮಂಡಳಿಯ ಇಷ್ಟಾನಿಷ್ಟದ ಮಾತೇ ಬೇಡ. ರೈಲು ಹಳಿಯ ಪಶ್ಚಿಮಕ್ಕೆ, ಜಿ ಬೀದಿಯ ದಕ್ಷಿಣಕ್ಕೆ ಇರುವ ಭಾಗವನ್ನು ಬಿಟ್ಟು ಊರಿನಲ್ಲಿ ಬೇರೆಲ್ಲಿಯೂ ಲಾಂಡ್ರಿ ಇರಕೂಡದೆಂದು ಗೆರೆ ಎಳೆದರು. ಆ ಭಾಗವೇ ಚೀನೀಯರ ಕೇರಿ. ಇದನ್ನು ಕ್ಯಾಲಿಫೋರ್ನಿಯದ ನ್ಯಾಯಾಲಯ 1886ರಲ್ಲಿ ಎತ್ತಿಹಿಡಿಯಿತು, ಯಿಕ್ ವೋ ಗೆದ್ದ ವರ್ಷದಲ್ಲೇ! ವ್ಯಕ್ತಿಯನ್ನು ನೋಡಿ ಬೇಡವೆಂದರೆ ಅನ್ಯಾಯ, ಭೂಪಟವನ್ನು ನೋಡಿ ಬೇಡವೆಂದರೆ ನ್ಯಾಯ. ಊರನ್ನು ವಲಯಗಳಾಗಿ ವಿಂಗಡಿಸುವ ಅಮೆರಿಕದ ಪದ್ಧತಿಗೆ ಮೊಡೆಸ್ಟೊದ ಈ ಗೆರೆಯೇ ಮೊದಲ ಮಾದರಿಗಳಲ್ಲೊಂದೆಂದು ವಿದ್ವಾಂಸರು ಹೇಳುತ್ತಾರೆ. 1916ರಲ್ಲಿ ನ್ಯೂಯಾರ್ಕ್ ನಗರ ತನ್ನೆಲ್ಲ ನೆಲವನ್ನೂ ವಲಯಗಳಾಗಿ ಹಂಚಿತು. ಕೆಂಟಕಿಯ ಲೂಯಿವಿಲ್ ನಗರ ಬೀದಿಗಳನ್ನೇ ಬಿಳಿಯರಿಗೆಂದೂ ಕರಿಯರಿಗೆಂದೂ ಬೇರ್ಪಡಿಸಹೊರಟಾಗ 1917ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. ಆದರೆ ಮನೆ, ಅಂಗಡಿ, ಕಾರ್ಖಾನೆಗಳನ್ನು ಬೇರೆ ಬೇರೆ ಇಡುವುದು ಸರಿಯೆಂದು 1926ರಲ್ಲಿ ಒಹಾಯೊ ಪ್ರಾಂತ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಹೇಳಿತು. ಒಂಟಿಮನೆಗಳ ನಡುವೆ ಎದ್ದ ಬಾಡಿಗೆ ಮನೆಗಳ ಕಟ್ಟಡವನ್ನು ಆ ತೀರ್ಪು ಬದನಿಕೆಗೆ ಹೋಲಿಸಿತು. ಹೋಲಿಕೆ ಕಟುವಾದದ್ದು, ಬಾಡಿಗೆಯವರೂ ಮನುಷ್ಯರೆಂಬುದು ಮರೆತಂತಿದೆ.

ನಮ್ಮ ದೇಶಕ್ಕೂ ಈ ಲಾಂಡ್ರಿಯವನ ಋಣ ಉಂಟೆಂಬುದು ಆ ವಿದ್ಯಾರ್ಥಿನಿ ಹೇಳುವವರೆಗೆ ನನಗೆ ತಿಳಿದಿರಲಿಲ್ಲ. ನಮ್ಮ ಸಂವಿಧಾನದ 14ನೆಯ ಅನುಚ್ಛೇದದಲ್ಲಿರುವ ಸಮಾನ ರಕ್ಷಣೆಯ ಮಾತು ಆ ಹದಿನಾಲ್ಕನೆಯ ತಿದ್ದುಪಡಿಯಿಂದ ಬಂದದ್ದು. ಪಶ್ಚಿಮ ಬಂಗಾಳ ಸರ್ಕಾರ ತನಗೆ ಬೇಕಾದ ಮೊಕದ್ದಮೆಗಳನ್ನು ವಿಶೇಷ ನ್ಯಾಯಾಲಯಕ್ಕೆ ಕಳುಹಿಸುವ ಅಧಿಕಾರವನ್ನಿಟ್ಟುಕೊಂಡದ್ದು 1952ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಯಿಕ್ ವೋ ತೀರ್ಪಿನ ಪ್ರಸ್ತಾಪವೂ ಬಂದಿತು; ಸರ್ಕಾರ ಸೋತಿತು. 1954ರಲ್ಲಿ ಉತ್ತರ ಪ್ರದೇಶದ ಕಲ್ಲಿದ್ದಲು ವ್ಯಾಪಾರಿಗಳ ಮೊಕದ್ದಮೆಯಲ್ಲಿ, ಪರವಾನಗಿ ಕೊಡುವುದನ್ನೂ ಕೀಳುವುದನ್ನೂ ಅಧಿಕಾರಿಯೊಬ್ಬನ ಇಚ್ಛೆಗೆ ಬಿಟ್ಟ ನಿಯಮವನ್ನು ಅದೇ ನ್ಯಾಯಾಲಯ ರದ್ದುಮಾಡಿತು.

ಮನೆ ಬೇರೆ ಅಂಗಡಿ ಬೇರೆ ಎಂಬ ಕಲ್ಪನೆ ನಮ್ಮಲ್ಲಿ ಹಳೆಯದೇನಲ್ಲ. ಬೆಂಗಳೂರಿನ ಹಳೆಯ ಊರಿನ ಹೆಸರುಗಳನ್ನೇ ನೋಡಿ: ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಮುಂದೆ ಅಂಗಡಿ, ಹಿಂದೆ ಒಲೆ, ಅಟ್ಟದ ಮೇಲೆ ಸರಕು. ಕೇರಿ ಕೇರಿಗೆ ಜಾತಿಯ ಗೆರೆ ಇದ್ದಿತೆಂಬುದನ್ನು ಮರೆಯಬಾರದು. ಹಾಗೆ ನೋಡಿದರೆ ಮೊಡೆಸ್ಟೊದವರು ನಮ್ಮಿಂದ ಕಲಿಯಬಹುದಾಗಿತ್ತು. ನಮ್ಮ ಕಾವ್ಯಗಳ ನಗರವರ್ಣನೆಗಳಲ್ಲಿ ಸೂಳೆಗೇರಿಗೂ ಹೂವಿನ ಸಂತೆಗೂ ಪದ್ಯಗಳು ಧಾರಾಳ; ಮಡಿವಾಳನಿಗೆ ಮಾತು ಬರಬೇಕಾದರೆ ಹನ್ನೆರಡನೆಯ ಶತಮಾನದಲ್ಲಿ ಮಾಚಿದೇವರೇ ಬರಬೇಕಾಯಿತು. 1898ರ ಪ್ಲೇಗು ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳಿಂದ ಜನರನ್ನು ಹೊರಡಿಸಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಭಯದ ಬೆನ್ನಿಗೆ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಳಿ ಏರ್ಪಟ್ಟಿತು. ಅಗಲವಾದ ರಸ್ತೆ, ಗಾಳಿ, ಬೆಳಕು, ಚರಂಡಿ: ಇವೆಲ್ಲ ಸಾವನ್ನು ಕಂಡವರು ಕೇಳಿದ್ದು, ಅದನ್ನು ಹಗುರಾಗಿ ನೋಡುವುದು ಕೃತಘ್ನತೆ. ವಲಯಗಳ ನಿಯಮಕ್ಕೆ ನಮ್ಮ ರಾಜ್ಯದಲ್ಲಿ ಆಧಾರವಾದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಆಗಿನ್ನೂ ರಾಜ್ಯಕ್ಕೆ ಮೈಸೂರು ಎಂದೇ ಹೆಸರು.

ನಮ್ಮ ಬಡಾವಣೆಗೆ ಮರಳುತ್ತೇನೆ. ಯಿಕ್ ವೋ ಎದುರಿಸಿದ ಬಗೆಯ ದ್ವೇಷ ನಮ್ಮ ಪಾರ್ಕಿನ ಬೆಂಚುಗಳ ಮೇಲೆ ಇರಲಿಲ್ಲವೆಂದು ಮೊದಲೇ ಹೇಳಿದೆ. ಆದರೆ ನಮ್ಮದೇ ರಸ್ತೆಯಲ್ಲಿ ಒಬ್ಬ ದಂತವೈದ್ಯರ ಚಿಕಿತ್ಸಾಲಯವುಂಟು. ಒಬ್ಬ ಲೆಕ್ಕಪರಿಶೋಧಕರ ಕಚೇರಿಯುಂಟು. ಎರಡು ಮನೆಗಳಲ್ಲಿ ಮನೆಪಾಠದ ತರಗತಿಗಳು ನಡೆಯುತ್ತವೆ, ಸಂಜೆ ನಲವತ್ತು ಸ್ಕೂಟರುಗಳು ನಿಲ್ಲುತ್ತವೆ. ಅವರಾರೂ ನಮ್ಮ ರುಜು ಕೇಳಿದವರಲ್ಲ. ನಾವೂ ಅರ್ಜಿ ಬರೆದವರಲ್ಲ. ಇದನ್ನು ಮುಂದಿನ ಸಭೆಯಲ್ಲಿ ಹೇಳಿದೆ. “ಅದು ಬೇರೆ ಮೇಷ್ಟ್ರೇ” ಎಂದರು. ಹೇಗೆ ಬೇರೆ ಎಂದು ಕೇಳಿದ್ದಕ್ಕೆ ಒಬ್ಬರು ಚರಂಡಿಯ ಮಾತನ್ನೆತ್ತಿದರು. ಚರಂಡಿಯ ಮಾತು ಸರಿಯೇ. ಸೋಸುಗುಂಡಿ ಕಟ್ಟಿಸಬೇಕು, ರಾತ್ರಿ ಯಂತ್ರ ನಡೆಸಕೂಡದು ಎಂದು ಕಟ್ಟುಪಾಡು ಹಾಕೋಣವೆಂದೆ. ಇಬ್ಬರು ಒಪ್ಪಿದರು. ಉಳಿದವರು ಕಾಫಿಗೆ ಎದ್ದರು.

ಮರುದಿನ ನನ್ನ ರುಜುವನ್ನು ಹಿಂದಕ್ಕೆ ತೆಗೆದುಕೊಳ್ಳುವ ಇನ್ನೊಂದು ಅರ್ಜಿಯನ್ನು ಬರೆದೆ. ಅಗ್ನಿ ಅನಾಹುತದ ಕಾರಣವನ್ನು ಸೇರಿಸಿದವನು ನಾನೇ, ಅದಕ್ಕೆ ಆಧಾರವಿಲ್ಲ ಎಂಬುದನ್ನೂ ಕಾಣಿಸಿದೆ. ಕಚೇರಿಯಲ್ಲಿ ಅದನ್ನು ತೆಗೆದುಕೊಂಡು ಮೊಹರು ಹಾಕಿ ಸ್ವೀಕೃತಿ ಕೊಟ್ಟರು. ಕಡತ ಈಗ ಎಲ್ಲಿದೆಯೋ ಕಾಣೆ. ಬಾಡಿಗೆಯ ಮುಂಗಡವನ್ನು ಮೂಲೆಮನೆಯವರು ಹಿಂದಿರುಗಿಸಿದರು. ಷೆಡ್ಡಿನಲ್ಲಿ ಈಗ ಕಾರು ನಿಂತಿದೆ. ಹೊಂಗೆಯ ಮರದ ಕೆಳಗೆ ತಳ್ಳುಗಾಡಿ ಇದೆ, ಇದ್ದಿಲ ಹೊಗೆ ಇದೆ.

ಆ ಎರಡನೆಯ ಅರ್ಜಿ ಬರೆಯುವ ಮುಂಚೆ ಮರದ ಬಳಿಗೆ ಹೋಗಿ, “ನಿನ್ನ ಹೆಸರೇನಪ್ಪ?” ಎಂದು ಕೇಳಿದೆ. ಹದಿನೈದು ವರ್ಷದ ಮೇಲೆ ಕೇಳುವ ಪ್ರಶ್ನೆ. ಆತ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, “ಯಾಕೆ ಮೇಷ್ಟ್ರೇ, ಬಟ್ಟೆ ಏನಾದರೂ ಕಳೆದಿದೆಯಾ?” ಎಂದ. ಇಲ್ಲವೆಂದೆ. ಹೆಸರು ಹೇಳಿದ, ತಂದೆಯ ಹೆಸರನ್ನೂ ಸೇರಿಸಿ ಹೇಳಿದ. ನಾನು ಬರೆದುಕೊಂಡದ್ದನ್ನು ಬಾಗಿ ನೋಡಿ, ಒಂದು ಒತ್ತಕ್ಷರ ಬಿಟ್ಟಿದ್ದೇನೆಂದು ತಿದ್ದಿದ.